ಬಸ್ಸು ಹತ್ತದ ಸೋದರಮಾವ

೨೦೦೧ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು ನಾನು. ಮುಖಕ್ಕೆ ಕಿಡಿ ಹಾರಿದರೂ ಹೆದರಿದವನಲ್ಲ. ನನ್ನ ಹೆಂಡತಿಯ ತಮ್ಮ, ನಮ್ಮ ಕಡೆಯ ಮಾತಿನಲ್ಲಿ ಅಳಿಯ, ಡಿಗ್ರಿ ಮುಗಿಸಿದವನು. ಹೆದರುವುದರಲ್ಲಿ ಇಡೀ ಜಿಲ್ಲೆಗೇ ಫಸ್ಟ್ ಕ್ಲಾಸು!

ಅವನು ಶಹಾಪುರ, ನಾವು ಸುರಪುರ. ನಡುವೆ ಒಂದು ಬಸ್ಸು. ಹತ್ತಿದ ಕೂಡಲೇ ಅವನ ಎದೆ ಡವಡವ, ಅಂಗೈ ಬೆವರು. "ಜೀವ ಹೋಗಾಕತ್ತದ, ನಿಲ್ಲಸ್ರೀ!" ಮೊದಲ ಸಲ ಕಂಡಕ್ಟರ್ ನೀರು ಕೊಟ್ಟ. ಮುಂದಿನ ಸಲ ಬೈದ. ಆಮೇಲೆ ಇವನ ಮುಖ ಕಂಡರೆ ಸಾಕು, ಸೀಟಿ ಊದಿ ಬಸ್ಸು ಬಿಡಿಸಿಕೊಂಡು ಹೋಗುತ್ತಿದ್ದ! ಇಸಿಜಿ ತೆಗೆಸಿದರೆ ಹೃದಯ ನನಗಿಂತ ಗಟ್ಟಿ.

ಬರದಿದ್ದರೆ ಬಿಡಲಿ ಅಂತೀರೇನು? ನನ್ನ ಮಗನ ಜವಳ ಬಾಕಿ ಇತ್ತಲ್ಲ! ಸೋದರಮಾವನ ತೊಡೆಯ ಮೇಲೆ ಕೂರಿಸದೆ ನಮ್ಮಲ್ಲಿ ಮಗುವಿನ ಮೊದಲ ಕೂದಲಿಗೆ ಕತ್ತರಿ ಹಚ್ಚುವಂತಿಲ್ಲ. ಅದೂ ಸುರಪುರದಲ್ಲಿರುವ ಮನೆದೇವರ ಗುಡಿಯಲ್ಲೇ ಆಗಬೇಕು. ಇರುವ ಸೋದರಮಾವ ಇವನೊಬ್ಬನೇ. ಬೈಕಿನಲ್ಲಿ ಕರೆದರೆ, "ಮೂಟಿ ಹಂಗ ಹೊತಗೊಂಡು ಹೋಗಬ್ಯಾಡ್ರಿ, ನಾನ ಬಸ್ಸಿಗೆ ಬರ್ತೀನಿ" ಅನ್ನುವ ಹಟ ಬೇರೆ. ಮಗನ ಜಡೆ ಬೆನ್ನಿಗಿಳಿಯಿತು. "ಮಗಳು ಭಾಳ ಚಂದ ಅದಾಳ ನೋಡ್ರಿ" ಅಂತ ಒಬ್ಬ ಗಿರಾಕಿ ಬಳೆಯನ್ನೇ ತಂದುಕೊಟ್ಟ!

"ನನ್ನ ತಮ್ಮನ್ನ ಯಾದಗಿರಿ ದವಾಖಾನಿಗೆ ಕರಕೊಂಡು ಹೋಗ್ರಿ. ಮಾತಾಡಿಸಿ ಅಂಜಿಕಿ ಕಡಿಮಿ ಮಾಡ್ತಾರಂತ" ಅಂದಳು ಹೆಂಡತಿ.

"ಮಾತಿಗೆ ರೋಗ ಹೋಗೂದಿದ್ರ ನಿನ್ನ ಬಾಯಿಗೆ ಇಡೀ ಸುರಪುರ ನೆಟ್ಟಗಾಗ್ತಿತ್ತು!"

ಕೊನೆಗೆ ದವಾಖಾನೆಗೆ ಅಂದಾಗ ಬೈಕಿಗೆ ಒಪ್ಪಿದ; ನಾನೇ ಶಹಾಪುರಕ್ಕೆ ಹೋಗಿ ಹಿಂದೆ ಕೂರಿಸಿಕೊಂಡೆ. ಯಾದಗಿರಿ ಮುಟ್ಟುವಷ್ಟರಲ್ಲಿ ಅವನು ಹಿಡಿದ ಹಿಡಿತಕ್ಕೆ ನನ್ನ ಪಕ್ಕೆಲುಬಿಗೇ ವೆಲ್ಡಿಂಗ್ ಬೇಕಾಗಿತ್ತು.

ಆಪ್ತಸಲಹೆಯ ಮೇಡಂ ನಿಧಾನಕ್ಕೆ ಎಲ್ಲ ಕೇಳಿಸಿಕೊಂಡರು. "ಇದು ಜೀವ ತೆಗಿಯೂ ಬ್ಯಾನಿ ಅಲ್ರಿ, ಗಾಬರಿ. ಏರ್ತದ, ತಡಕೊಂಡು ಕುಂತ್ರ ತಾನ ಕಡಿಮಿ ಆಗ್ತದ. ನೀವು ಅದಕ್ಕ ವ್ಯಾಳ್ಯಾನ ಕೊಡಲಾರದ ಇಳದುಬಿಡ್ತೀರಿ. ಮೊದಲಿಗೆ ನಿಂತ ಬಸ್ಸಿನ್ಯಾಗ ಬರೇ ಕುಂಡ್ರರಿ."

ನಿಂತ ಬಸ್ಸಿನಲ್ಲಿ ಕೂಡುವುದನ್ನು ಕಲಿಸಲಿಕ್ಕೆ ದವಾಖಾನೆ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಅವನು ಕೂತ. ಆಮೇಲೆ ಒಂದು ಸ್ಟಾಪು. ಆಮೇಲೆ ನಡುದಾರಿಯ ಹತ್ತಿಗೂಡೂರಿನವರೆಗೆ. ಒಂದು ಸಲ ಅಲ್ಲಿಂದಲೇ ವಾಪಸ್ಸು ಓಡಿದ. ಮೇಡಂ ಹತ್ತಿರ ಹೋಗಿ ಮತ್ತೆ ಶುರು ಹಚ್ಚಿಕೊಂಡ. ನಾನು ನಗುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಜವಳದ ದಿನ ಬಸ್ಸಿನಲ್ಲೇ ಬಂದುಬಿಟ್ಟ, ಬಾವಿಯಿಂದ ಎದ್ದವನ ಹಾಗೆ ಬೆವರಿನಲ್ಲಿ ಅಂಗಿ ತೋಯಿಸಿಕೊಂಡು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕತ್ತರಿ ಆಡಿ ಮುಗಿಯುವವರೆಗೂ ಮಗುವನ್ನು ಹಿಡಿದ ಕೈ ಸಡಿಲಿಸಲಿಲ್ಲ.

"ಅಂಜಿಕಿ ಹೋತೇನೋ?" ಅಂದೆ.

"ಎಲ್ಲಿ ಹೋಗ್ತದ್ರಿ ಮಾವ? ಬಾಜೂಕ ಕುಂಡ್ರಿಸ್ಕೊಂಡು ಬಂದೀನಿ."

ಕಿಡಿಗೆ ಹೆದರದ ನನ್ನ ಕಣ್ಣಿಗೆ ಅವನು ಮಸುಕಾಗಿ ಕಂಡ.

ಈಗ ನನ್ನ ಹತ್ತಿರ ಇರುವುದು ಒಂದು ವೆಲ್ಡಿಂಗ್ ಅಂಗಡಿ, ಒಂದು ಹಳೆಯ ಬೈಕು, ಬೋಳು ತಲೆಯ ಒಬ್ಬ ಮಗ, ಬಸ್ಸು ಹತ್ತುವ ಒಬ್ಬ ಅಳಿಯ.