ಕಟ್ಟಿದಾಂವ ಬದುಕ್ಯಾನೇನ್ರಿ?

ನಮ್ಮ ಕಾಕಾನಷ್ಟು ಸಂಗೀತ ಕೇಳಿದವರು ನಿಜಾಮರ ರಾಜ್ಯದಲ್ಲೇ ಇರಲಿಲ್ಲ. ಅವನಷ್ಟು ಕಿವುಡರೂ ಇರಲಿಲ್ಲ! ಹಿಂದಿನವರು ಕಟ್ಟಿಹೋದ ಹಾಡು, ಹಳೆಯ ಬಂದಿಶ್ ಎಂದರೆ ಅವನಿಗೆ ಮೈಯುರಿ. ಗವಾಯಿ ತಂಬೂರಿ ಶ್ರುತಿ ಮಾಡುವ ಮೊದಲೇ ಕೇಳುತ್ತಿದ್ದ: “ಕಟ್ಟಿದಾಂವ ಬದುಕ್ಯಾನೇನ್ರಿ?” ಇಲ್ಲವೆಂದರೆ ಎದ್ದೇಬಿಟ್ಟ! “ಸತ್ತವರ ಹಾಡು ಕೇಳಾಕ ನಾ ಏನು ಹೆಣಾ ಕಾಯಾಂವೇನು?”

ಹೊಸದೊಂದು ಹಿಡಿಸಿತೋ, ಅಂಥದ್ದೇ ಇನ್ನೊಂದನ್ನು ಯಾರು ಕಟ್ಟಿದ್ದಾರೆಂದು ರಾಯಚೂರು ಬಿಟ್ಟು ಊರೂರು ಅಲೆತ. ಬಂದಿಶ್‌ಗೆ ಹಾಡುಗಾರರು ‘ಚೀಜು’ ಎನ್ನುತ್ತಾರಲ್ಲ, ಮಾನ್ವಿಯಲ್ಲಿ ಗವಾಯಿಯ ಮನೆಯೆಂದು ತಿಳಿದು ಪಕ್ಕದ ಅಂಗಡಿಗೆ ನುಗ್ಗಿ, “ಹೊಸಾ ಚೀಜು ಐತೇನ್ರಿ?” ಎಂದ. ಚೀಜು ಎಂದರೆ ಸಾಮಾನು ಎಂದೇ ತಿಳಿದ ಅಂಗಡಿಯವ ಕಂದೀಲು ತೋರಿಸಿದ. “ಇದಲ್ರಿ, ಬ್ಯಾರೆ!” ಎಂದರೆ ಇನ್ನೊಂದು ಕಂದೀಲು ತಂದಿಟ್ಟ! ಸಂಕೋಚಕ್ಕೆ ಎರಡನ್ನೂ ಕೊಂಡು ಬಂದವನಿಗೆ ಅವನ ಹೆಂಡತಿ, ನಮ್ಮ ಚಿಗವ್ವ, ಅಂದಳು: “ಹಾಡು ಹುಡುಕಾಕ ಹೋಗಿ ಬೆಳಕು ತಂದ್ರಲ್ಲ! ಇನ್ನರ ಮನ್ಯಾಗ ಇರೋದು ಕಾಣ್ತದೇನು ನೋಡ್ರಿ.”

ಕಾಣಲಿಲ್ಲ. ಸಿಕ್ಕ ಗವಾಯಿಗಳನ್ನೆಲ್ಲ ಮನೆಗೆ ಕರೆತರುತ್ತಿದ್ದ. ರೊಟ್ಟಿ ಬಡಿಯುವವರು ಯಾರು? ಚಿಗವ್ವ! ಬಾಗಿಲ ಮರೆಯಲ್ಲಿ ಕೇಳಿದ ರಾಗಕ್ಕೆ ತಾನೇ ಪದ ಕೂಡಿಸಿ ಬೀಸುತ್ತ ಹಾಡುವಳು. ಒಮ್ಮೆ, “ನಂದೂ ಒಂದು ಕೇಳ್ರಿ” ಎಂದಳು. “ಬೀಸೋ ಕಲ್ಲಿನ ಪದಕ್ಕ ಚೀಜು ಅಂತಾರೇನು? ಸುಮ್ಮನಿರು!” ಎಂದ ಈ ರಸಿಕ. ನನಗೆ ಆ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ.

ಅದೇ ವರ್ಷ ಜ್ವರ ಬಂದು ಚಿಗವ್ವ ತೀರಿಕೊಂಡಳು. ಕೆಲವು ತಿಂಗಳು ಕಳೆದದ್ದೇ ತಡ, ಕಾಕಾ ನನ್ನನ್ನು ಕರೆದುಕೊಂಡು ದೇವದುರ್ಗಕ್ಕೆ ಹೊರಟ. ಹಿಂದೆ ನಮ್ಮಲ್ಲಿ ಉಂಡುಹೋದ ಗವಾಯಿಯೊಬ್ಬರು ಅಲ್ಲಿ ಹಾಡಿದರು:

“ಊರು ತಿರುಗಿ ಬಂದವನೆ, ಒಳಗೊಮ್ಮೆ ಬಾರೊ...”

ಕಾಕಾ ಮೊದಲ ಸಲ ತನ್ನ ಪ್ರಶ್ನೆ ಮರೆತು ಕಣ್ಣು ಮುಚ್ಚಿ ಕೂತ. ಹಾಡು ಮುಗಿದ ಮೇಲೆಯೇ ನೆನಪಾಗಿ ಕೇಳಿದ: “ಭಾಳ ಛಲೋ ಕಟ್ಯಾನ್ರಿ! ಕಟ್ಟಿದಾಂವ ಬದುಕ್ಯಾನೇನ್ರಿ?”

ಗವಾಯಿಗಳು ನಕ್ಕರು. “ಏನ್ ಚೇಷ್ಟಿ ಮಾಡ್ತೀರಿ ಸಾಹೇಬ್ರ! ಕಟ್ಟಿದಾಕಿ ನಿಮ್ಮ ಮನ್ಯಾಗ ಜ್ವಾಳ ಬೀಸಾಕತ್ತಿರ್ತಾಳ. ಅಂದು ಉಂಡು ಅಡ್ಡಾದಾಗ ಕೇಳಿ ಕಲ್ತೀನಿ.”

‘ಏಳು ಕಾಕಾ, ಕಟ್ಟಿದಾಕಿ ಸತ್ತಾಳ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಕಾಕಾ ಏಳಲಿಲ್ಲ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, “ಇನ್ನೊಮ್ಮೆ ಹಾಡ್ರಿ” ಎಂದ.