ಹಿತ್ತಲಿನ ಬಳ್ಳಾರಿ ಜಾಲಿಗೆ, ಮೊಮ್ಮಗಳ ಕಣ್ಣಿನ ವಿಷಯವಾಗಿ

ರಾಂಪುರದ ನಮ್ಮ ಹಿತ್ತಲಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆದು ನಿಂತಿರುವ ಶ್ರೀಮಾನ್ ಬಳ್ಳಾರಿ ಜಾಲಿ ಮರದವರ ಮುಳ್ಳುಗಳಿಗೆ ದೂರದಿಂದಲೇ ನಮಸ್ಕಾರಗಳು.

ಮಾನ್ಯರೇ,

ಹಾಗಾಗಿ, ನಿನ್ನೆ ಹಗ್ಗದಿಂದ ಬಟ್ಟೆ ತೆಗೆಯುತ್ತಾ ನಾನು ತಮಗೆ ಹೇಳುತ್ತಿದ್ದುದೇನೆಂದರೆ, ತಪ್ಪು ಪೂರ್ತಿ ತಮ್ಮದೇ ಅಲ್ಲ, ನಮ್ಮ ಬೀದಿಯವರದ್ದೂ ಇದೆ. ನನ್ನ ಮನೆಯವರು ಜಗದಾಂಬ ತೀರಿಕೊಂಡ ಮೇಲೆ ಮೊಮ್ಮಗಳು ಐಶ್ವರ್ಯಳ ಕಣ್ಣು ಕೆಂಪಾಗಿ ಸದಾ ನೀರು ಸುರಿಸತೊಡಗಿದಾಗ, ಅದು ಅಜ್ಜಿ ಹೋದ ದುಃಖವೆಂದೇ ಎಲ್ಲರೂ ತೀರ್ಮಾನಿಸಿದರು. ಎದುರುಮನೆ ಬೊಮ್ಮಕ್ಕ ದಿನಾ ಬಂದು, "ಅಳಬ್ಯಾಡ ಕಣವ್ವಾ, ನಿಮ್ಮಜ್ಜಿ ಶಿವನ ಪಾದ ಸೇರೈತೆ" ಎಂದು ಕೈಗೊಂದು ಕೊಬ್ಬರಿ ಮಿಠಾಯಿ ಇಡುತ್ತಿದ್ದರು. "ಅಳ್ತಿಲ್ಲಜ್ಜೀ, ಕಣ್ಣು ಕಡೀತೈತೆ" ಎಂದು ಹುಡುಗಿ ಹೇಳಿದರೆ, "ಎಷ್ಟು ದುಕ್ಕ ನುಂಗ್ಕಂತೈತೆ ನೋಡ್ರಿ ಕೂಸು!" ಎಂದು ಬೊಮ್ಮಕ್ಕನೇ ಅಳುತ್ತಿದ್ದರು.

ಕೊನೆಗೆ ಚಳ್ಳಕೆರೆಯಲ್ಲಿ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದರೆ, ಬೆಂಚಿನ ಮೇಲೆ ಕೂತ ಮಕ್ಕಳಲ್ಲಿ ಅರ್ಧಕ್ಕರ್ಧ ಕೆಂಪು ಕಣ್ಣಿನವರು. ಇಷ್ಟೊಂದು ಅಜ್ಜಿಯಂದಿರು ಒಟ್ಟಿಗೆ ಹೋಗಿಬಿಟ್ಟರೇ ಎಂದು ಗಾಬರಿಯಾಗಿ, ಕೊಂಡ್ಲಹಳ್ಳಿಯ ಒಬ್ಬ ತಾಯಿಗೆ ಸಂತಾಪವನ್ನೂ ಸೂಚಿಸಿಬಿಟ್ಟೆ. ಪಕ್ಕದಲ್ಲೇ ಕೂತಿದ್ದ ಆಕೆಯ ಅತ್ತೆ ಎದ್ದು ನಿಂತು ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡರು. ಡಾಕ್ಟರಮ್ಮ, ಇದು ಪರಾಗದ ಅಲರ್ಜಿ, ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಬಹಳ ಸಾಮಾನ್ಯ, ಆದರೆ ಹೀಗೇ ಉಜ್ಜುತ್ತಿದ್ದರೆ ಮುಂದೆ ದೃಷ್ಟಿಗೇ ಕುತ್ತು ಎಂದು ಹೇಳಿ, ಹಾಸಿಗೆ ಬಟ್ಟೆ ಎಲ್ಲಿ ಒಣಗಿಸುತ್ತೀರೆಂದು ಕೇಳಿದರು. ನಾನು ತಮ್ಮ ಹೆಸರು ಹೇಳಿದೆ.

ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಕಾಲೇಜಿನಲ್ಲಿ ಕಲಿತದ್ದು, ಮುಂದಿನದು ನೆನಪಿಗೆ ಬಾರದು. ಮೇಷ್ಟ್ರುಗಳು ಮನೆಮನೆ ತಿರುಗಿದರೂ ಸೇರಿಸಲಾಗದಷ್ಟು ಮಕ್ಕಳನ್ನು ತಾವು ಒಂದೇ ಬೆಂಚಿಗೆ ಸೇರಿಸಿದ್ದೀರಿ, ಅಭಿನಂದನೆಗಳು. ಇನ್ನು ಮುಂದೆ ಹೂ ಬಿಡುವ ಮೊದಲು ಪಂಚಾಯ್ತಿಯ ಒಪ್ಪಿಗೆ ಪಡೆದು, ಪರಾಗವನ್ನು ಚೀಲದಲ್ಲಿ ಕಟ್ಟಿ ಬಳ್ಳಾರಿಗೇ ವಾಪಸು ಕಳಿಸಬೇಕಾಗಿ ಕೋರುತ್ತೇನೆ. ಆಗದಿದ್ದರೆ ವರವು ಕಾವಲಿನ ಖಾಲಿ ಹುಲ್ಲುಗಾವಲಿಗೆ ತೆರಳಿ ಅಲ್ಲಿ ನಿಲ್ಲುವುದು. ನಡೆದೇ ಹೋಗಿ, ಬಸ್ಸಿನಲ್ಲಿ ಜನಕ್ಕೆ ಮುಳ್ಳು ಚುಚ್ಚುತ್ತದೆ.

ತಾವು ಹೋಗುವವರಲ್ಲವೆಂದು ಗೊತ್ತು. ಆದ್ದರಿಂದ ನಾಳೆ ಮರ ಕಡಿಯುವ ಹುಲಿಯಪ್ಪ ಕೊಡಲಿ ತರುತ್ತಾನೆ. ಇವತ್ತು ಬಂದು ತಮ್ಮನ್ನು ಸುತ್ತಿ ನೋಡಿ, "ಸ್ವಾಮೇರ, ಮದ್ಲು ಈ ಬಟ್ಟೆ ಹಗ್ಗ ಬಿಚ್ಕಳ್ರಿ. ಅಮ್ಮಾರು ಕಟ್ಟಿದ್ ಗಂಟು, ನಾ ಕಡಿಯಲ್ಲ" ಎಂದು ಹೇಳಿ ಹೋದ. ತಮ್ಮ ಸೊಂಟಕ್ಕೆ ಜಗದಾಂಬ ಕಟ್ಟಿದ ಗಂಟದು. ಮಧ್ಯಾಹ್ನದಿಂದ ಎರಡು ಸಲ ಎದ್ದು ಬಂದೆ, ತಾವೇ ನೋಡಿದ್ದೀರಿ. ಬಿಚ್ಚಲಾಗದೆ ಹಿಂದಿರುಗಿ ಈ ಪತ್ರಕ್ಕೆ ಕೂತೆ.

ಅರೆ, ಬೆಳಕು ಹೋಗುತ್ತಿದೆ. ಒಳಗೆ ಹುಡುಗಿ ಮತ್ತೆ ಕಣ್ಣುಜ್ಜುತ್ತಿದ್ದಾಳೆ. ಗಂಟು ಕಾಣುವಷ್ಟು ಬೆಳಕಿರುವಾಗಲೇ ಏಳಬೇಕು.

ಇವತ್ತಿನ ಮಟ್ಟಿಗೆ ತಮ್ಮ ವಿಶ್ವಾಸಿ,
ಮುರುಗೇಂದ್ರಪ್ಪ

ವಿ.ಸೂ.: ಹಗ್ಗದ ಬಳಿ ನಿಂತಾಗ ನನ್ನ ಕಣ್ಣಲ್ಲೂ ನೀರು ಬರುತ್ತದೆ. ಡಾಕ್ಟರಮ್ಮ ಟಾರ್ಚು ಹಾಕಿ ನೋಡಿ, ನನಗೆ ಅಲರ್ಜಿ ಇಲ್ಲವೆಂದು ಖಚಿತವಾಗಿ ಹೇಳಿದ್ದಾರೆ. ಆ ನೀರನ್ನು ದಯಮಾಡಿ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡು ಬೀಗಬೇಡಿ.