ಇಳಿಯಲು ಬಾರದ ಅತ್ತೆ

ನಮ್ಮ ಸೋದರತ್ತೆಗೆ ಸೈಕಲ್ ಹೊಡೆಯಲು ಬರುತ್ತದೆ, ಇಳಿಯಲು ಬರುವುದಿಲ್ಲ! ಇದನ್ನು ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಸ್ವಲ್ಪ ಯೋಚಿಸಿ, "ಹಾಗಾದ್ರೆ ಅವರು ಈಗ ಎಲ್ಲಿದ್ದಾರೆ?" ಎಂದು ಗಾಬರಿಯಿಂದ ವಿಚಾರಿಸುತ್ತಾರೆ. ಹೊಸಪೇಟೆಯಲ್ಲೇ ಇದ್ದಾಳೆ, ಆರಾಮವಾಗಿದ್ದಾಳೆ. ಇಳಿಯಲು ಬಾರದವರೂ ಇಳಿಯುವ ದಾರಿಯನ್ನು ಹುಡುಕಿಕೊಂಡಿರುತ್ತಾರೆ. ಅತ್ತೆಗೆ ಅಂಥ ದಾರಿಗಳು ಎರಡು. ಒಂದು, ಯಾರದಾದರೂ ಮನೆಯ ಮುಂದಿನ ಕಟ್ಟೆ. ಇನ್ನೊಂದು, ಅವಳ ಗಂಡ, ಅಂದರೆ ನಮ್ಮ ಮಾಮ.

ಮಾಮನದು ಮನೆಗೆ ಅಂಟಿಕೊಂಡ ಕಿರಾಣಿ ಅಂಗಡಿ. ಅತ್ತೆ ಸಂತೆಗೋ ಗುಡಿಗೋ ಹೋಗಿ ಬರುವಾಗ ಓಣಿಯ ತಿರುವಿನಲ್ಲೇ ಗಂಟೆ ಬಾರಿಸುತ್ತಿದ್ದಳು. ಟ್ರಿಣ್ ಟ್ರಿಣ್ ಟ್ರಿಣ್! ಮಾಮ ಬೇಳೆ ತೂಗುತ್ತಿರಲಿ, ಎಣ್ಣೆ ಅಳೆಯುತ್ತಿರಲಿ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಗಲ್ಲಾಪೆಟ್ಟಿಗೆ ದಾಟಿ ಹೊರಗೆ ಹಾರುತ್ತಿದ್ದರು. ಹೊಸ ಗಿರಾಕಿಗಳಿಗೆ ಇದು ಅರ್ಥವಾಗುತ್ತಿರಲಿಲ್ಲ.

"ಸಾವ್ಕಾರ್ರ, ಬೆಲ್ಲ ಅರ್ಧಕ್ಕ ಬಿಟ್ಟು ಎತ್ತಾಗ ಹೊಂಟ್ರಿ?"

"ಹೆಂಡ್ತಿ ಬಂದ್ಲು!"

"ಬರ್ಲಿ ಬಿಡ್ರಿ, ಮನಿಗೇ ಅಲ್ಲೇನು ಬರೋದು?"

"ಹಿಡೀಲಿಲ್ಲಂದ್ರ ಮನಿ ದಾಟಿ ಹೋಗ್ತಾಳಪ್ಪಾ!"

ಮಾಮ ರಸ್ತೆಯಲ್ಲಿ ಕಾಲು ಅಗಲಿಸಿ ನಿಂತು, ಸೈಕಲ್ ಪಕ್ಕಕ್ಕೆ ಬರುತ್ತಲೇ ಕ್ಯಾರಿಯರ್ ಹಿಡಿದು ಎಳೆದು ನಿಲ್ಲಿಸುತ್ತಿದ್ದರು. ಅತ್ತೆ ಅವರ ಹೆಗಲ ಮೇಲೆ ಕೈಯಿಟ್ಟು ನಿಧಾನವಾಗಿ, ಮೆರವಣಿಗೆ ಮುಗಿಸಿದವಳ ಗತ್ತಿನಲ್ಲಿ ಕೆಳಗೆ ಇಳಿಯುತ್ತಿದ್ದಳು. ಓಣಿಯ ಜನ ಇದನ್ನು ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದರು.

ಇಷ್ಟಕ್ಕೂ ಹೊಡೆಯಲು ಕಲಿತವಳು ಇಳಿಯಲು ಯಾಕೆ ಕಲಿಯಲಿಲ್ಲ? ಅದಕ್ಕೆ ಮಾಮನ ಅವ್ವನೇ ಕಾರಣವಂತೆ. ಮದುವೆಯಾದ ಹೊಸದರಲ್ಲಿ ಮಾಮ ಕಾಲುವೆ ಪಕ್ಕದ ಬಯಲಿಗೆ ಹೆಂಡತಿಯನ್ನು ಕದ್ದು ಕರೆದುಕೊಂಡು ಹೋಗಿ ಸೈಕಲ್ ಕಲಿಸುತ್ತಿದ್ದರು. ಕಾಲುವೆಯ ಕಟ್ಟೆಯಿಂದ ಹತ್ತುವುದಾಯಿತು, ತುಳಿಯುವುದಾಯಿತು, ತಿರುಗಿಸುವುದೂ ಆಯಿತು. ಇನ್ನೇನು ಇಳಿಯುವ ಪಾಠ ಶುರುವಾಗಬೇಕು, ಅಷ್ಟರಲ್ಲಿ ಕಾಯಿಪಲ್ಲೆ ಬುಟ್ಟಿ ಹೊತ್ತ ಅವ್ವ ಪ್ರತ್ಯಕ್ಷ! "ಸೊಸಿ ಸೈಕಲ್ ಮ್ಯಾಲ ಕುಂತಾಳ, ಮಗ ಹಿಂದಿಂದ ಓಡಾಕ ಹತ್ಯಾನ! ಹೋತು, ನಮ್ಮ ಮನಿತನ ಹೋತು!" ಪಾಠ ಅಲ್ಲಿಗೇ ನಿಂತಿತು. ಮುಂದೆ ಅವ್ವ ಸಿಟ್ಟು ಬಿಟ್ಟರೂ ಆ ಕೊನೆಯ ಪಾಠಕ್ಕೆ ಯಾಕೋ ಮುಹೂರ್ತ ಕೂಡಿಬರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದಿದ್ದ ಕಥೆ ಇದು.

ಊರಿನಲ್ಲಿ ಯಾರ ಮನೆಗೆ ಹೋಗಬೇಕಾದರೂ ಅತ್ತೆ ಮೊದಲು ವಿಚಾರಿಸುತ್ತಿದ್ದದ್ದು ಕಟ್ಟೆಯನ್ನೇ. ಯಾರಾದರೂ ಲಗ್ನಪತ್ರಿಕೆ ಕೊಡಲು ಬಂದರೆ, "ಮುಹೂರ್ತ ಇರ್ಲಿ, ನಿಮ್ಮ ಮನಿ ಮುಂದ ಕಟ್ಟಿ ಐತೇನು?" ಎನ್ನುತ್ತಿದ್ದಳು. ಅಷ್ಟರಲ್ಲಿ ಅದಿರಿಗೆ ಚಿನ್ನದ ಬೆಲೆ ಬಂತು ನೋಡಿ! ಗುಡ್ಡ ಕರಗಿತು, ಧೂಳು ತುಂಬಿತು, ಲಾರಿಗಳ ಸಾಲು ಮುಗಿಯುವುದೇ ಇಲ್ಲ ಎಂದು ಊರೆಲ್ಲ ಗೊಣಗುತ್ತಿದ್ದರೆ ಅತ್ತೆಯ ದೂರು ಒಂದೇ. ದುಡ್ಡು ಬಂದವರೆಲ್ಲ ಕಾರು ತಂದರು, ಕಾರು ನಿಲ್ಲಿಸಲು ಕಟ್ಟೆ ಒಡೆದರು! "ಕುಂದ್ರೋ ಕಟ್ಟಿ ಒಡದು ಕಾರ್ ನಿಲ್ಸ್ತಾರಂತ. ಕಾರ್ ಜೋಡಿ ಮಾತಾಡ್ತಾರೇನು ಇವ್ರು?"

ಗಾದಿಗನೂರಿನ ಹತ್ತಿರ ಹೊಲವಿದ್ದ ನಮ್ಮ ದೂರದ ಬೀಗರೊಬ್ಬರು ಹೀಗೇ ಹೊಸಪೇಟೆಯ ತಮ್ಮ ಹಳೆಯ ಮನೆ ಕೆಡವಿ ಬಂಗಲೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅತ್ತೆ ಸೈಕಲ್ಲಿನಲ್ಲೇ ಹೊರಟಳು. ಹಳೆಯ ಮನೆಯ ಕಟ್ಟೆ ಅಲ್ಲೇ ಇರುತ್ತದೆಂಬ ನಂಬಿಕೆ. ಅಲ್ಲಿ ಕಟ್ಟೆಯ ಬದಲು ನುಣ್ಣಗಿನ ಗ್ರಾನೈಟ್ ಇಳಿಜಾರು ಇತ್ತು. ಗೇಟು ತೆರೆದಿತ್ತು, ಬಾಗಿಲೂ ತೆರೆದಿತ್ತು. ಅತ್ತೆ ಏರಿದಳು, ಹೊಸ್ತಿಲು ದಾಟಿದಳು, ಪೂಜೆಗೆ ಕೂತ ದಂಪತಿಯನ್ನು ಬಳಸಿಕೊಂಡು ಹೋಗಿ ಹೊಸ ಸೋಫಾಕ್ಕೆ ಗುದ್ದಿ ನಿಂತಳು. ಮಂತ್ರ ಹೇಳುತ್ತಿದ್ದವರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅತ್ತೆ ಸೋಫಾದ ಮೇಲೆ ಜಾರಿ ಕೂತು, ಸೆರಗು ಸರಿಮಾಡಿಕೊಂಡು, "ಮನಿ ಚಲೋ ಕಟ್ಸೀರಿ. ನೀರು ಕೊಡ್ರಿ ಒಂಚೂರು" ಎಂದಳು!

ಹೀಗೆ ನಗುತ್ತ ನಡೆದಿದ್ದ ಮನೆಯಲ್ಲಿ ಒಂದು ದಿನ ಮಾಮನಿಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ. ಎಡಗೈ ಸೋತಿತು, ಎಡಗಾಲು ಎಳೆಯತೊಡಗಿತು. ಕೋಲು ಹಿಡಿದು ಓಡಾಡಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಆದರೆ ಮಾಮ ಒಳಕೋಣೆ ಸೇರಿದವರು ಹೊರಗೆ ಬರಲೇ ಇಲ್ಲ. "ಮಂದಿ ನೋಡ್ತಾರ" ಎನ್ನುವರು, ಗೋಡೆಯ ಕಡೆ ತಿರುಗಿ ಮಲಗುವರು. ಅಂಗಡಿಯಲ್ಲಿ ಅತ್ತೆ ಕೂತಳು. ಅವಳ ಸೈಕಲ್ಲು ಹಿತ್ತಲ ಗೋಡೆಗೆ ಒರಗಿತು. ಹಿಡಿಯುವವರೇ ಇಲ್ಲದ ಮೇಲೆ ಹತ್ತುವುದು ಹೇಗೆ?

ಅದೇ ವರ್ಷ ಮಳೆಗಾಲದ ಕೊನೆಗೆ ಲಾರಿಯವರು ಮುಷ್ಕರ ಹೂಡಿದರು. ಸಂಡೂರಿನ ರಸ್ತೆ ಖಾಲಿ! ಊರಿನ ಕೆಲವು ಡಾಕ್ಟರುಗಳು, ಎಂಜಿನಿಯರುಗಳು ಸೇರಿ, ಗುಡ್ಡದ ಚೆಲುವು ನೋಡುತ್ತ ಹೊಸಪೇಟೆಯಿಂದ ಸಂಡೂರಿಗೆ ಸೈಕಲ್ ಸವಾರಿ ಎಂದು ಸಾರಿದರು. ಯಾರು ಬೇಕಾದರೂ ಬರಬಹುದು, ಬಂದವರಿಗೆ ಬಾಳೆಹಣ್ಣು, ಗ್ಲೂಕೋಸ್ ಮತ್ತು ಒಂದು ಟೀ ಶರ್ಟು. ಅದಿರು ಲಾರಿಗಳ ಆಫೀಸಿನ ಕುರ್ಚಿಯಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿದ್ದ ನಾನು ಟೀ ಶರ್ಟಿನ ಆಸೆಗೆ ಹೆಸರು ಕೊಟ್ಟೆ. ಸುದ್ದಿ ಹೇಳೋಣವೆಂದು ಅತ್ತೆಯ ಮನೆಗೆ ಹೋದರೆ, "ನಂದೂ ಬರಸು" ಅಂದಳು.

"ಅತ್ತಿ, ಅದು ಘಟ್ಟ! ಸಂಡೂರಾಗ ನಿನ್ನ ಹಿಡಿಯೋರು ಯಾರು?"

ಅತ್ತೆ ಒಳಕೋಣೆಯ ಕಡೆ ತಿರುಗಿದಳು. ಅಲ್ಲಿಗೆ ಕೇಳುವಂತೆ ದನಿ ಏರಿಸಿದಳು. "ರೀ, ಐತವಾರ ನಾ ಸಂಡೂರಿಗೆ ಸೈಕಲ್ ಮ್ಯಾಲ ಹೊಂಟೀನಿ. ಬಂದು ಹಿಡೀರಿ."

ಒಳಗೆ ಮಂಚ ಕಿರ್ರೆಂದಿತು. ಆಮೇಲೆ, "ನನ್ನ ಕೈಲೆ ಆಗಂಗಿಲ್ಲ. ಸುಮ್ನ ಮನ್ಯಾಗ ಕುಂದ್ರು."

"ನೀವು ಬರ್ಲಿಲ್ಲಂದ್ರ ನಾ ಇಳಿಯಂಗಿಲ್ಲ ನೋಡ್ರಿ. ಸಂಡೂರು ದಾಟಿ ಹಂಗ ಕೂಡ್ಲಿಗಿಗೆ ಹೊಕ್ಕೀನಿ!"

"ಹೋಗು," ಎಂದಿತು ಗೋಡೆ.

ಆ ಭಾನುವಾರ ಬೆಳಗ್ಗೆ ಮೈದಾನದಲ್ಲಿ ಅತ್ತೆಯೇ ದೊಡ್ಡ ಸಮಸ್ಯೆಯಾದಳು. ಹೆಲ್ಮೆಟ್ ಕಡ್ಡಾಯ, ಅತ್ತೆಗೆ ತುರುಬೂ ಕಡ್ಡಾಯ. ಕೊನೆಗೆ ತುರುಬಿನ ಮೇಲೆ ಹೆಲ್ಮೆಟ್ ಕೂತಿತು, ಹೆಲ್ಮೆಟ್ಟಿನ ಮೇಲೆ ಮಲ್ಲಿಗೆ ದಂಡೆ ಕೂತಿತು. ಹತ್ತಲು ಕಟ್ಟೆ ಬೇಕಲ್ಲ? ಗಣ್ಯರು ಕೂತ ವೇದಿಕೆಗೇ ಸೈಕಲ್ ಒರಗಿಸಿ ಅಲ್ಲಿಂದ ಹತ್ತಿದಳು. ಬಾವುಟ ಬೀಸಬೇಕಾದ ಹಿರಿಯರು ಬಾವುಟ ಕಂಕುಳಲ್ಲಿ ಇರುಕಿಕೊಂಡು ಅವಳ ಹ್ಯಾಂಡಲ್ ಹಿಡಿದು ನಿಂತರು!

ಏನು ಬೆಳಗು ಅದು! ದಿನವೂ ಕೆಂಪು ಧೂಳು ಹೊದ್ದು ಕೂತಿರುತ್ತಿದ್ದ ಗಿಡಮರಗಳು ಮಳೆಗೆ ಮಿಂದು ನಿಂತಿದ್ದವು. ಎಲೆಯ ಬಣ್ಣ ಹಸಿರು ಎಂಬುದೇ ನಮಗೆ ಮರೆತುಹೋಗಿತ್ತು. ಗುಡ್ಡದ ನೆತ್ತಿಯಲ್ಲಿ ಮೋಡ, ರಸ್ತೆಯಲ್ಲಿ ಒಂದೇ ಒಂದು ಹಾರನ್ ಇಲ್ಲ. ಹಕ್ಕಿಗಳು ಕೂಗುವುದು ಕೇಳಿಸುತ್ತಿತ್ತು. ನಾನಂತೂ ಈ ಮುಷ್ಕರ ಮುಗಿಯದೇ ಇರಲಿ ಎಂದು ಹಾರೈಸಿದೆ. ನನ್ನ ಸಂಬಳ ಬರುವುದು ಅದೇ ಲಾರಿಗಳಿಂದ ಎಂಬುದು ಆಮೇಲೆ ನೆನಪಾಯಿತು.

ಘಟ್ಟ ಶುರುವಾದ ಮೇಲೆ ಚೆಲುವು ನೋಡುವವರು ಯಾರೂ ಉಳಿಯಲಿಲ್ಲ. ಗೇರಿನ ಸೈಕಲ್ಲಿನ ಹುಡುಗರು ಒಬ್ಬೊಬ್ಬರಾಗಿ ಇಳಿದು ತಳ್ಳತೊಡಗಿದರು. ನಾನು ಎಲ್ಲರಿಗಿಂತ ಮೊದಲೇ ಇಳಿದಿದ್ದೆ. ಇಳಿಯದೆ ಉಳಿದವಳು ಅತ್ತೆ ಒಬ್ಬಳೇ! ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಓರೆಯಾಗಿ ತುಳಿಯುತ್ತ, ಲಾರಿಗಳಿಲ್ಲದ ಇಡೀ ರಸ್ತೆಯನ್ನು ತನ್ನದಾಗಿಸಿಕೊಂಡು ಏರುತ್ತಿದ್ದಳು.

"ಆಂಟೀ, ನೀವು ಇಳಿಯೋದೇ ಇಲ್ವಾ?" ಎಂದು ಏದುಸಿರಿನಲ್ಲಿ ಕೇಳಿದನೊಬ್ಬ ಎಂಜಿನಿಯರು.

"ಇಳಿಯಾಕ ಬಂದಿದ್ರ ಇಳೀತಿದ್ನಪ್ಪಾ!"

ಇದು ದೊಡ್ಡವರ ವಿನಯ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ನೆತ್ತಿಯ ಸಮತಟ್ಟಿನಲ್ಲಿ ಮರದ ಕೆಳಗೆ ಮೇಜು ಹಾಕಿ ನೀರು, ಹಣ್ಣು ಇಟ್ಟಿದ್ದರು. ಅತ್ತೆ ನಿಲ್ಲುವುದು ಹೇಗೆ? ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿದಳು. ಮೊದಲ ಸುತ್ತಿಗೆ ಗ್ಲೂಕೋಸ್ ಲೋಟ ತಗೊಂಡಳು, ಮುಂದಿನ ಸುತ್ತಿಗೆ ಲೋಟ ಕೊಟ್ಟು ಬಾಳೆಹಣ್ಣು ತಗೊಂಡಳು, ಅದರ ಮುಂದಿನ ಸುತ್ತಿಗೆ ಸಿಪ್ಪೆ ಕೊಟ್ಟಳು. ಹಣ್ಣು ಹಂಚುತ್ತಿದ್ದವರು ತಲೆಸುತ್ತು ಬಂದು ಕೂತರು!

ಅಲ್ಲಿಂದ ಮುಂದೆ ಇಳಿಜಾರು. ಇಳಿಜಾರಿನಲ್ಲಿ ಯಾರಾದರೂ ಶೂರರೇ. ನಾನು ಹೋ ಎಂದು ಕಿರುಚುತ್ತ ಅತ್ತೆಯನ್ನು ಹಿಂದೆ ಹಾಕಿ, ತಿರುವಿನ ಕೆಂಪು ರಾಡಿಯಲ್ಲಿ ಜಾರಿ, ಸೈಕಲ್ ಒಂದು ಕಡೆ, ನಾನೊಂದು ಕಡೆ ಪೊದೆಯಲ್ಲಿ ಬಿದ್ದೆ. ಹಿಂದೆ ಮುಂದೆ ಬೇರೆ ಯಾರೂ ಇರಲಿಲ್ಲ. "ಅಯ್ಯೋ ಅಳಿಯಾ!" ಎಂಬ ಕೂಗು ಕೇಳಿತು. ಮೊಣಕೈ ಹಿಡಿದುಕೊಂಡು ತಲೆ ಎತ್ತಿದರೆ ಏನು ನೋಡುವುದು! ಅತ್ತೆ ಬ್ರೇಕು ಹಿಡಿದಳು. ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲನ್ನು ನೆಲಕ್ಕೆ ಊರಿದಳು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಓಡಿಬಂದು ನನ್ನನ್ನು ಎಬ್ಬಿಸಿದಳು.

ನನಗೆ ನೋವೇ ಮರೆತುಹೋಯಿತು. "ಅತ್ತಿ! ನೀ ಇಳಿದಿ!"

ಅತ್ತೆ ಗಕ್ಕನೆ ನಿಂತು ರಸ್ತೆಯ ಆ ಕಡೆ ಈ ಕಡೆ ನೋಡಿದಳು. "ಯಾರರ ನೋಡಿದ್ರೇನು?"

"ಯಾರೂ ಇಲ್ಲ. ಯಾವಾಗ ಕಲ್ತಿ ಇದನ್ನ?"

"ಮದಿವ್ಯಾದ ವರ್ಷನ ಕಲ್ತೆ. ಕಂಪ್ಲಿಗೆ ತವರಿಗೆ ಹೋದಾಗ, ಭತ್ತದ ಕಣದಾಗ." ನನ್ನ ಮೊಣಕೈಯ ರಾಡಿಯನ್ನು ಸೆರಗಿನಿಂದ ಒರೆಸುತ್ತ ಅಂದಳು.

"ಮತ್ತ ಇಷ್ಟು ವರ್ಷ?"

"ನಿಮ್ಮ ಮಾಮ ಅಂಗಡ್ಯಾಗ ಕುಂತ್ರಂದ್ರ ಅವರಿಗೆ ಬ್ಯಾಳಿ ಬೆಲ್ಲ ಬಿಟ್ರ ಏನೂ ಕಾಣಂಗಿಲ್ಲ. ನಾ ಮನಿಗೆ ಬಂದ್ರೂ ಅಷ್ಟ, ಹೋದ್ರೂ ಅಷ್ಟ. ಗಂಟಿ ಹೊಡದ್ರ ಮಾತ್ರ ಎಲ್ಲಾ ಬಿಟ್ಟು ಓಡಿ ಬರ್ತಿದ್ರು. ಅದನ್ನ ಯಾರು ಕಳಕೊಂತಾರ?" ರಾಡಿಯಾದ ಸೆರಗನ್ನು ಕೊಡವಿದಳು. ಆಮೇಲೆ ದನಿ ಇಳಿಸಿ, "ಗುಳಿಗಿ ನುಂಗಿಸಿದೆ, ಎಣ್ಣಿ ತಿಕ್ಕಿದೆ, ಬೈದೆ, ಕಣ್ಣೀರು ಹಾಕಿದೆ. ಹೊಸ್ತಿಲ ದಾಟ್ಲಿಲ್ಲ ಅವ್ರು. ಗಂಟಿಗರ ಬರ್ತಾರೇನೋ ಅಂತ" ಎಂದಳು.

"ಬರ್ಲಿಲ್ಲಂದ್ರ?"

ಅತ್ತೆ ಸೈಕಲ್ಲಿನ ಸ್ಟ್ಯಾಂಡ್ ತೆಗೆದಳು. "ಹಿಡಿ ಸೈಕಲ್ಲ, ಹತ್ತೀನಿ" ಎಂದಳು. ಹತ್ತಲೂ ಅವಳಿಗೆ ಚೆನ್ನಾಗಿ ಬರುತ್ತದೆಂದು ಈಗ ಗೊತ್ತಾಗಿಯೂ ನಾನು ಹಿಡಿದುಕೊಂಡೆ. ಇದನ್ನೆಲ್ಲ ಹೀಗೆ ಬರೆಯುವ ಧೈರ್ಯ ನನಗೆ ಹೇಗೆ ಬಂತು ಅನ್ನುತ್ತೀರಾ? ನಮ್ಮ ಮಾಮ ಕಾಗದದಲ್ಲಿ ಬೇಳೆ ಕಟ್ಟುವವರೇ ಹೊರತು ಅದರಲ್ಲಿ ಇರುವುದನ್ನು ಓದುವವರಲ್ಲ.

ಸಂಡೂರಿನ ಅಂಚಿನಲ್ಲಿ ಬಟ್ಟೆಯ ಕಮಾನು ಕಟ್ಟಿದ್ದರು. ಮೊದಲೇ ಮುಟ್ಟಿದ ಹುಡುಗರು ನಿಂತು ಕೇಕೆ ಹಾಕುತ್ತಿದ್ದರು. ಅತ್ತೆ ಕಾಣಿಸಿದ ಕೂಡಲೇ ಮೈಕು ಕೂಗಿತು: "ಘಟ್ಟದುದ್ದಕ್ಕೂ ಒಮ್ಮೆಯೂ ನೆಲಕ್ಕೆ ಕಾಲು ಇಡದ ಹಿರಿಯ ಮಹಿಳೆ!" ಹಿಂದೆ ಬರುತ್ತಿದ್ದ ನನಗೆ ಜೋರಾಗಿ ಕೆಮ್ಮು ಬಂತು.

ಅತ್ತೆ ಗಂಟೆ ಬಾರಿಸಿದಳು. ಟ್ರಿಣ್ ಟ್ರಿಣ್ ಟ್ರಿಣ್. ಗುಂಪಿನಲ್ಲಿ ನಾನು ಮಾಮನನ್ನು ಹುಡುಕಿದೆ. ಕಾಣಲಿಲ್ಲ. ಮತ್ತೆ ಬಾರಿಸಿದಳು. ಯಾರೂ ಬರಲಿಲ್ಲ. ಇಬ್ಬರು ಹುಡುಗರು ಹಿಡಿಯಲು ಮುಂದೆ ಬಂದರು. "ಬಿಡ್ರಲೇ! ಮುಟ್ಟಬ್ಯಾಡ್ರಿ!" ಎಂದು ಅತ್ತೆ ಕಮಾನು ದಾಟಿದಳು, ಹಾರ ಹಿಡಿದು ನಿಂತವರನ್ನು ದಾಟಿದಳು, ಕೂಡ್ಲಿಗಿಯ ರಸ್ತೆ ಹಿಡಿದೇಬಿಟ್ಟಳು! ಜನ ಹೋ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಬೆನ್ನು ನೋಡುತ್ತ ಹಿಂದೆ ತುಳಿದೆ. ಇನ್ನೂ ಗಂಟೆ ಬಾರಿಸುತ್ತಲೇ ಇದ್ದಳು. ಇವಳು ಈಗ ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು?

ಜನ ಮುಗಿದು ರಸ್ತೆ ಖಾಲಿಯಾದಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ನಮ್ಮ ಓಣಿಯ ಆಟೋ. ಆಟೋದ ಪಕ್ಕ, ರಸ್ತೆಯಲ್ಲಿ, ಕೋಲು ಊರಿ ನಿಂತಿದ್ದರು ಮಾಮ!

ಗಂಟೆ ಹತ್ತಿರವಾದಂತೆ ಮಾಮ ಕೋಲನ್ನು ಬಿಸಾಡಿದರು. ಸೋತ ಕಾಲನ್ನು ಎಳೆದು ಅಗಲಿಸಿ ನಿಂತರು. ಸೈಕಲ್ ಪಕ್ಕಕ್ಕೆ ಬರುತ್ತಲೇ ಬಲಗೈಯಿಂದ ಕ್ಯಾರಿಯರ್ ಹಿಡಿದರು. ಸೈಕಲ್ಲು ಅವರನ್ನೂ ತುಸು ದೂರ ಎಳೆದುಕೊಂಡು ಹೋಯಿತು. ಆಟೋದವ ಓಡಿದ, ನಾನೂ ಓಡಿದೆ. ಮಾಮ ಬೀಳಲಿಲ್ಲ, ಬಿಡಲೂ ಇಲ್ಲ. ಸೈಕಲ್ ನಿಂತಿತು.

"ಅಲ್ಲಿ ಭಾಳ ಮಂದಿ ಇದ್ರು," ಎಂದರು ಮಾಮ, ಏದುಸಿರು ಬಿಡುತ್ತ. "ನೀ ಹೇಳಿದಂಗ ಕೂಡ್ಲಿಗಿ ಹಾದಿ ಹಿಡೀತಿ ಅಂತ ಗೊತ್ತಿತ್ತು. ಅದಕ್ಕ ಇಲ್ಲಿ ಬಂದು ನಿಂತೆ."

ಅತ್ತೆ ಸೀಟಿನ ಮೇಲೆ ಕೂತೇ ಇದ್ದಳು. ಹೆಲ್ಮೆಟ್ಟಿನ ಮಲ್ಲಿಗೆ ಕೆನ್ನೆಗೆ ಜಾರಿತ್ತು. ಮಾಮನ ಮುಖವನ್ನೇ ನೋಡುತ್ತಿದ್ದಳು. ಮಾಮನಿಗೆ ಅದು ತಡೆಯಲಾಗಲಿಲ್ಲವೋ ಏನೋ, ಬೈಯತೊಡಗಿದರು.

"ಎಷ್ಟು ಸಲ ಹೇಳೀನಿ ನಿನಗ, ಇಳಿಯೋದು ಕಲಿ, ಇಳಿಯೋದು ಕಲಿ ಅಂತ! ನಾಳೆ ನಾ ಇಲ್ಲಂದ್ರ ಏನ್ ಮಾಡ್ತಿ?"

"ಅದಕ್ಕ ನೀವು ಇರಬೇಕ್ರಿ," ಎಂದಳು ಅತ್ತೆ.

ಹಾಗೆಂದು ಮಾಮನ ಹೆಗಲ ಮೇಲೆ ಕೈಯಿಟ್ಟಳು. ಸೋತ ಹೆಗಲ ಮೇಲೆಯೇ ಇಟ್ಟಳು. ಮಾಮ ಬೆನ್ನು ನೇರ ಮಾಡಿ ಗಟ್ಟಿಯಾಗಿ ನಿಂತರು. ಅತ್ತೆ ಒಂದು ಕಾಲು ತೆಗೆದಳು, ತಡೆದಳು, ಮತ್ತೊಂದು ಕಾಲು ತೆಗೆದಳು. ಎಷ್ಟು ಹೊತ್ತು ಮಾಡಿದಳು ಆವತ್ತು ಇಳಿಯಲು! ಅಷ್ಟು ಹೊತ್ತು ಬೇಕಿರಲಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.